ಬೆನ್ನ ಮೇಲಿನ ಬಿಸಿಲು: ಒಂದು ಶಾಸ್ತ್ರವಿಚಾರ

ಸೂರ್ಯನಿಗೆ 28 ಮಿಲಿಮೀಟರ್ ಎತ್ತರದ ಮನುಷ್ಯರನ್ನು ಬೆಳಗಲು ಬರುವುದಿಲ್ಲ, ಆದ್ದರಿಂದ ಆ ಕೆಲಸ ಕುಂಚದ ಪಾಲಿಗೆ ಬಿದ್ದಿದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇದಕ್ಕೆ ಪ್ರಮಾಣವುಂಟು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಹೊರಡುವ ವಾರ್‌ಹ್ಯಾಮರ್ ಎಂಬ ಮೇಜಿನ ಮೇಲಿನ ಯುದ್ಧದಾಟದ ಬೊಂಬೆ ಸೈನಿಕ ನಮ್ಮ ಸುಮಾರು ಅರವತ್ತರಲ್ಲೊಂದು ಪಾಲು. ಮೇಜಿನ ಮೇಲಿನ ನಾಲ್ಕಡಿ ಟ್ಯೂಬ್‌ಲೈಟು ಅವನ ಲೆಕ್ಕಕ್ಕೆ 72 ಮೀಟರ್ ಉದ್ದ! ಅಂಥ ದೀಪದ ಕೆಳಗೆ, ಅವನ ಮೇಲಂಗಿಯ ಒಂದು ಮಿಲಿಮೀಟರ್ ಆಳದ ಮಡಿಕೆಯಲ್ಲಿ ಎಷ್ಟು ನೆರಳು ತಾನೆ ನಿಂತೀತು? ಒಂದೇ ಕೆಂಪು ಬಳಿದು ಬಿಟ್ಟ ಮೇಲಂಗಿ ಬಟ್ಟೆಯಾಗಿ ಕಾಣದೆ, ಬೆನ್ನಿಗೆ ಮೆತ್ತಿದ ಕುಂಕುಮದ ಮುದ್ದೆಯಾಗಿ ಕಾಣುವುದು ಇದರಿಂದಲೇ.

ಹಾಗಾದರೆ ತಗ್ಗಿಗೆ ಕಪ್ಪು, ಉಬ್ಬಿಗೆ ಬಿಳಿ ಬಳಿದರೆ ಮುಗಿಯಿತಲ್ಲ ಎಂಬುದು ಪೂರ್ವಪಕ್ಷ. ಮುಗಿಯುವುದಿಲ್ಲ. ಕೆಂಪಿಗೆ ಬಿಳಿ ಬೆರೆತರೆ ಗುಲಾಬಿಯಾಗುತ್ತದೆ. ಗುಲಾಬಿ ಅಂಚಿನ ಸೇನಾಪತಿಗೆ ಶತ್ರು ಹೆದರುವುದು ಕಷ್ಟ. ಆದ್ದರಿಂದ ಬಲ್ಲವರು ಉಬ್ಬಿಗೆ ಕಿತ್ತಳೆಯತ್ತಲೂ ತಗ್ಗಿಗೆ ಕಂದು, ನೇರಳೆಗಳತ್ತಲೂ ಸರಿಯುತ್ತಾರೆ. 1400ರ ಆಸುಪಾಸಿನಲ್ಲೇ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ, ಚಿತ್ರದ ಉಡುಪಿಗೆ ಮೂರು ಬಟ್ಟಲುಗಳಲ್ಲಿ ಗಾಢ, ನಡು, ತಿಳಿ ಬಣ್ಣ ಕಲಸಿಕೊಳ್ಳಲು ಹೇಳಿದ್ದಾನೆ. ಇಂದಿನವರು ಮೂರಕ್ಕೆ ತೃಪ್ತರಲ್ಲ, ಏಳೆಂಟು ಪದರ ಹಚ್ಚುತ್ತಾರೆ. ಅವಸರದವರು ಮಾತ್ರ ನೀರಿನಂಥ ವಾಶ್ ಸುರಿದು, ಅದು ತಾನಾಗಿ ತಗ್ಗು ಹುಡುಕಿಕೊಳ್ಳಲಿ ಎಂದು ಕಾಯುತ್ತಾರೆ. ನಲ್ನ್ ಆಯಿಲ್ ಎಂಬ ಆ ಕರಿದ್ರವಕ್ಕೆ ಬಾಟಲಿಯಲ್ಲಿ ತುಂಬಿದ ಪ್ರತಿಭೆ ಎಂಬ ಕೀರ್ತಿಯಿದೆ. ಗಂಗಾಜಲದ ಮಹಿಮೆಯನ್ನು ಒಪ್ಪುವವರು ಇದನ್ನೂ ಒಪ್ಪಬೇಕಾಗುತ್ತದೆ.

ಬಳಿದ ಬೆಳಕು ಬೊಂಬೆಯೊಡನೆಯೇ ತಿರುಗುತ್ತದಲ್ಲ, ಇದೆಂಥ ಸೂರ್ಯ ಎಂದು ಇನ್ನೊಬ್ಬರು ಆಕ್ಷೇಪಿಸುತ್ತಾರೆ. ಸಮಾಧಾನ ಸುಲಭ: ಬೆಳಕು ನೆತ್ತಿಯಿಂದಲೇ ಬೀಳುತ್ತದೆಂದು ಭಾವಿಸಿ ಬಳಿದರೆ ಯಾವ ಕಡೆ ತಿರುಗಿದರೂ ದೋಷವಿಲ್ಲ. ಆ ಲೋಕದಲ್ಲಿ ಯುದ್ಧ ಎಷ್ಟು ಹೊತ್ತು ನಡೆದರೂ ಮಟಮಟ ಮಧ್ಯಾಹ್ನ, ಅಷ್ಟೆ. ಮೂರಡಿ ದೂರದಿಂದ ಇದೆಲ್ಲ ಯಾರಿಗೆ ಕಂಡೀತು ಎಂಬ ಆಕ್ಷೇಪ ಮಾತ್ರ ಗಟ್ಟಿ. ಆದರೆ ಆಕ್ಷೇಪಕರು ಒಂದನ್ನು ಮರೆತಿದ್ದಾರೆ. ಸೈನಿಕರು ಶತ್ರುವಿಗೆ ಮುಖಮಾಡಿ ನಿಲ್ಲುತ್ತಾರೆ, ಮೇಲಂಗಿ ಬೆನ್ನಿಗಿರುತ್ತದೆ. ಎದುರಾಳಿಗೆ ಕಾಣುವುದು ಮೀಸೆ, ಕತ್ತಿ; ಏಳೆಂಟು ಪದರದ ಆ ಬಿಸಿಲು ಕಾಣುವುದು ಬಳಿದವನೊಬ್ಬನಿಗೆ. ದಾಳ ಉರುಳಿ ಸೈನಿಕ ಸತ್ತಾಗಲೂ, ಮೇಲಂಗಿಗೆ ಬೆರಳು ತಾಗದಂತೆ ಕಾಲಡಿಯ ಬಿಲ್ಲೆ ಹಿಡಿದೇ ಅವನನ್ನು ಎತ್ತಿ ಪಕ್ಕಕ್ಕಿಡುತ್ತಾರೆ.