ಪೀಪಾಯಿಯ ಪಾಲೆಷ್ಟು, ಬಾರ್ಲಿಯ ಪಾಲೆಷ್ಟು

ಎಲ್ಲ ಸಿಂಗಲ್ ಮಾಲ್ಟೂ ಒಂದೇ, ಲೇಬಲ್ ಮಾತ್ರ ಬೇರೆ ಅಂದಿರಲ್ಲ ರಾಯರೇ, ಅದನ್ನ ನಾನು ಒಪ್ಪಲ್ಲ. ಲೇಬಲ್ಲಿನಲ್ಲಿ ಸಣ್ಣಕ್ಷರದಲ್ಲಿ 'ಶೆರ್ರಿ ಕಾಸ್ಕ್ ಫಿನಿಶ್' ಅಂತ ಇರುತ್ತಲ್ಲ, ಅರ್ಧ ರುಚಿ ಅಲ್ಲೇ ಇರೋದು.

ಭಟ್ಟಿಯಿಂದ ಇಳಿದಾಗ ಬಾರ್ಲಿಯ ಈ ಮಾಲ್ಟ್ ವಿಸ್ಕಿ ನೀರಿನ ಹಾಗೆ ತಿಳಿಯಾಗಿರುತ್ತೆ. ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಓಕ್ ಮರದ ಪೀಪಾಯಿಯಲ್ಲಿ ಕಡಿಮೆ ಅಂದರೂ 3 ವರ್ಷ ಇರಬೇಕು, ಸ್ಕಾಟ್ಲೆಂಡಿನಲ್ಲಿ ಕಾನೂನೇ ಹಾಗೆ. ಸಾಮಾನ್ಯವಾಗಿ ಅಮೆರಿಕದ ಬೂರ್ಬನ್ ವಿಸ್ಕಿ ತುಂಬಿಟ್ಟಿದ್ದ ಹಳೇ ಪೀಪಾಯಿಗಳನ್ನೇ ತರಿಸ್ತಾರೆ. ಬೂರ್ಬನ್‌ಗೆ ಪ್ರತಿಸಲವೂ ಒಳಗೆ ಸುಟ್ಟ ಹೊಸ ಓಕೇ ಆಗಬೇಕು, ಹಾಗಾಗಿ ಹಳೇವು ಧಾರಾಳವಾಗಿ ಸಿಗ್ತವೆ. ಅವುಗಳಿಂದ ಬರೋದು ವೆನಿಲಾ, ಜೇನು, ಕೊಬ್ಬರಿಯ ಘಮ. ಹೀಗೆ ಹಣ್ಣಾದ ಮಾಲ್ಟನ್ನ ಕೊನೆಗೆ ಕೆಲವು ತಿಂಗಳೋ ವರ್ಷವೋ ಇನ್ನೊಂದು ಪೀಪಾಯಿಗೆ ಬಗ್ಗಿಸಿದರೆ ಅದೇ ಫಿನಿಶ್. ಇಂಗಿನ ಡಬ್ಬಿ ಎಷ್ಟು ತೊಳೆದರೂ ವಾಸನೆ ಬಿಡುತ್ಯೇ? ಮರವೂ ಹಾಗೇ, ಮೊದಲು ಕುಡಿದದ್ದನ್ನ ಬಿಟ್ಟುಕೊಡೋದೇ ಇಲ್ಲ.

ಹೋಲಿಸಿ ನೋಡೋಕೆ ಗ್ಲೆನ್‌ಮೊರಂಜಿ ಬಹಳ ಒಳ್ಳೇದು. ಸ್ಕಾಟ್ಲೆಂಡಿನ ಹೈಲ್ಯಾಂಡಿನದು. ಒಂದೇ ಭಟ್ಟಿ, ಒಂದೇ ಸರಕು. 'ಒರಿಜಿನಲ್' ಬೂರ್ಬನ್ ಪೀಪಾಯಿಯದು. 'ಲಸಾಂಟಾ' ಕೊನೆಗೆ ಸ್ಪೇನಿನ ಶೆರ್ರಿ ವೈನಿನ ಪೀಪಾಯಿಯಲ್ಲಿದ್ದು ಬಂದದ್ದು. 'ಕ್ವಿಂಟಾ ರುಬಾನ್' ಪೋರ್ಚುಗಲ್ಲಿನ ಪೋರ್ಟ್ ವೈನಿನ ಪೀಪಾಯಿಯಲ್ಲಿದ್ದದ್ದು. ಮೂರನ್ನೂ ಒಂದೊಂದು ಸಣ್ಣ ಲೋಟಕ್ಕೆ 20 ಎಂಎಲ್ ಹಾಕಿ ಸಾಲಾಗಿಡಿ. ಬಾಯಿ ಕಿರಿದಾದ ಲೋಟ ಇರಲಿ, ಘಮ ಚದುರಲ್ಲ. ಐಸು ಬೇಡವೇ ಬೇಡ, ತಣ್ಣಗಾದರೆ ಮೂಗಿಗೆ ಏನೂ ಸಿಗಲ್ಲ. ಬಣ್ಣ ನೋಡಿಯೂ ತೀರ್ಪು ಕೊಡಬೇಡಿ, ಕ್ಯಾರಮೆಲ್ ಬಣ್ಣ ಬೆರೆಸೋದಕ್ಕೆ ಸ್ಕಾಚಿನಲ್ಲಿ ಅನುಮತಿ ಇದೆ.

ಬೂರ್ಬನ್ನಿಂದ ಶುರು ಮಾಡಿ. ಕಿತ್ತಳೆ ಸಿಪ್ಪೆ, ವೆನಿಲಾ, ಹಗುರ. ಶೆರ್ರಿಗೆ ಬಂದರೆ ಒಣದ್ರಾಕ್ಷಿ, ದಾಲ್ಚಿನ್ನಿ, ಹುರಿದ ಬಾದಾಮಿ. ಪೋರ್ಟಿನದಕ್ಕೆ ಕಪ್ಪು ಚಾಕೊಲೇಟು, ಪುದೀನದ ತಂಪು, ನಾಲಿಗೆ ಮೇಲೆ ರೇಷ್ಮೆಯ ನುಣುಪು. ಈಗ ಎರಡೇ ಹನಿ ನೀರು ಬಿಟ್ಟು ಮತ್ತೆ ಮೂಸಿ. ಮುಚ್ಚಿಕೊಂಡಿದ್ದ ಹಣ್ಣಿನ ಘಮ ಎದ್ದು ಬರುತ್ತೆ. ಆಮೇಲೆ ಮತ್ತೆ ಮೊದಲನೇ ಲೋಟಕ್ಕೆ ಹೋಗಿ. ಮೂರರ ತಳದಲ್ಲೂ ಇರೋ ಆ ಬಾರ್ಲಿ ಆಗ ಗುರುತು ಸಿಗುತ್ತೆ.

ದೂರದ ಮಾತು ಯಾಕೆ, ನಮ್ಮ ಬೆಂಗಳೂರಿನ ಮೈಸೂರು ರಸ್ತೆಯ ಕಂಬೀಪುರದಲ್ಲೇ ಅಮೃತ್ ಭಟ್ಟಿ ಇದೆಯಲ್ಲ. 1948ರಲ್ಲಿ ಶುರುವಾದ ಕಂಪನಿ, 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನ ಸ್ಕಾಚಿನ ತವರಿಗೇ ಒಯ್ದು ಗ್ಲ್ಯಾಸ್ಗೋದಲ್ಲಿ ಬಿಡುಗಡೆ ಮಾಡ್ತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಬೆಂಗಳೂರಲ್ಲಿ ಶೇ. 10ಕ್ಕೂ ಮೀರಿ ಹೋಗುತ್ತೆ. ಇಲ್ಲಿ ಮರದ ಕೆಲಸವೂ ಅಷ್ಟೇ ಜೋರು. ಸ್ವಲ್ಪ ಮೈಮರೆತರೂ ಬಾಯಿಗೆ ಬರೀ ಮರದ ಒಗರು. ಅವರ 'ಪೋರ್ಟೊನೋವಾ' ನೋಡಿ, ಪೋರ್ಟ್ ಪೀಪಾಯಿಯಿಂದ ತೆಗೆದು ಮತ್ತೆ ಬೂರ್ಬನ್ ಪೀಪಾಯಿಗೆ ಹಾಕಿದ್ದಾರೆ. ಶೇ. 62.1 ಆಲ್ಕೋಹಾಲಿನ ಕಡಕು, ನೀರು ಹಾಕದೆ ಮುಟ್ಟಬೇಡಿ. ಆದರೂ ಆ ಕಪ್ಪು ಹಣ್ಣಿನ ಸಿಹಿಯ ಅಡಿಯಲ್ಲಿ ಬಾರ್ಲಿ ಗಟ್ಟಿಯಾಗಿ ನಿಂತಿದೆ. ಅಲ್ಲಿನ ಕೆಲಸಗಾರರ ನಾಲಿಗೆಗೆ ಕೈ ಮುಗೀಬೇಕು.

ನಾನು ಹೇಳೋದಿಷ್ಟೇ. ಪೀಪಾಯಿ ಮಾಲ್ಟಿಗೆ ಒಡವೆ ತೊಡಿಸಬೇಕು, ಮುಖ ಮುಚ್ಚಬಾರದು. ಬರೀ ಶೆರ್ರಿಯೋ ಪೋರ್ಟೋ ಕುಡಿದ ಹಾಗಿದ್ದರೆ ಅಷ್ಟು ದುಡ್ಡು ಕೊಟ್ಟು ಮಾಲ್ಟು ಯಾಕೆ ತರಬೇಕು? ವೈನನ್ನೇ ತಂದರಾಯ್ತು. ಗುಟುಕು ಇಳಿದ ಮೇಲೂ ಬಾರ್ಲಿ ಬಾಯಲ್ಲಿ ಉಳಿದರೆ, ಅದು ಯಾವ ಊರಿನದೇ ಇರಲಿ, ನಾನು ಅದಕ್ಕೇ ದುಡ್ಡು ಕೊಡೋದು.