ಯೆಜ್ಡಿಯ ಅಳುಕು: ಹಗರಿಬೊಮ್ಮನಹಳ್ಳಿ ಸೀಮೆಯ ಒಂದು ಪ್ರಮಾಣಮೀಮಾಂಸೆ

ಹಳೆಯ ಸ್ಪೋರ್ಟ್ಸ್ ಕಾರಿನ ಇಂಜಿನ್ ಯಾಕೆ ಅಳುಕುತ್ತದೆ, ನಿಂತಲ್ಲೇ ಯಾಕೆ ಕುಂಟುತ್ತದೆ ಎಂಬುದರ ಮೇಲೆ ಪಾಶ್ಚಾತ್ಯರು ಬೇಕಾದಷ್ಟು ಬರೆದಿದ್ದಾರೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂಬ ಪಂಚಕ್ಷೇತ್ರಗಳಲ್ಲಿ ಪ್ರಸ್ತುತ ಸಂಶೋಧಕನು ಸ್ಪೋರ್ಟ್ಸ್ ಕಾರನ್ನು ಅರಸಲಾಗಿ, ಸಿಕ್ಕಿದ್ದು ಟ್ರ್ಯಾಕ್ಟರ್. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಮಾಡಿದ ಫೈಬರ್ ಮೈಯ ಡಾಲ್ಫಿನ್ ಕಾರನ್ನು ಪರಿಗಣಿಸಬಹುದಿತ್ತು. ಆದರೆ ಅಳುಕಲಿಕ್ಕಾದರೂ ಗಾಡಿ ಎದುರಿಗೆ ಇರಬೇಕಲ್ಲ! ಆದಕಾರಣ ಕಾರಿನ ನಾಲ್ಕು ಚಕ್ರಗಳಲ್ಲಿ ಎರಡಕ್ಕೆ ಲೋಪಸಂಧಿ ವಿಧಿಸಿ, ಯೆಜ್ಡಿ ಮೋಟಾರ್ ಸೈಕಲನ್ನೇ ಈ ಸೀಮೆಯ ಸ್ಪೋರ್ಟ್ಸ್ ಕಾರೆಂದು ಅಂಗೀಕರಿಸಲಾಗಿದೆ. ವೈಯಾಕರಣರ ಆಕ್ಷೇಪಣೆಗಳನ್ನು ಮುಂದಿನ ಸಂಪುಟದಲ್ಲಿ ಪರಿಶೀಲಿಸಲಾಗುವುದು.

ಇತಿಹಾಸ ಭಾಗ ಚಿಕ್ಕದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು, 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ತತ್ತ್ವ ಭಾಗ ದೊಡ್ಡದು. 250 ಸಿಸಿ ವರ್ಗದ ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್: ಒಳಗೆ ಅದ್ವೈತ, ಹೊರಗೆ ದ್ವೈತ. ಕಿಕ್ಕರ್ ಆಗಿದ್ದ ದಂಡವೇ ಮಡಚಿದರೆ ಗೇರ್ ಆಗುತ್ತದೆ. ಇಷ್ಟು ಸಿದ್ಧಾಂತಗಳನ್ನು ಒಂದೇ ಮೈಯಲ್ಲಿ ಹೊತ್ತ ಗಾಡಿ ಸ್ವಲ್ಪ ಅಳುಕಿದರೆ ಸೋಜಿಗವೇನಿಲ್ಲ.

ರೋಗಲಕ್ಷಣವನ್ನು ಮೂಲಪಾಠದಲ್ಲಿಯೇ ಕೊಡುವುದು ಸಂಶೋಧನಾ ಧರ್ಮ: “ಸ್ಲೋ ನಿಲ್ಲವಲ್ದು, ರೇಸ್ ಕೊಟ್ರ ಮಿಸ್ಸಿಂಗ್ ಹೊಡಿತೈತಿ.” ಇದಕ್ಕೆ ಮೇಸ್ತ್ರಿಯು ಗಾಡಿಯನ್ನು ಮುಟ್ಟದೆ, ಬಾಯಲ್ಲಿನ ಎಲೆಅಡಿಕೆಯನ್ನು ಉಗುಳದೆ ನುಡಿಯುವ ಉತ್ತರ: “ಏರ್ ಹಿಡಿದೈತಿ.” ಇದು ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಪರಂಪರೆಗೆ ಸೇರಿದ ವಾಕ್ಯ. ಗೊರವಯ್ಯ ಬಿಲ್ಲೇರಿ ಒಂದೇ ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಅದು ಮಳೆಗೋ ರಾಜಕೀಯಕ್ಕೋ ಎಂದು ನಾಡೆಲ್ಲ ವರ್ಷಪೂರ್ತಿ ಅರ್ಥ ಹೇಳುತ್ತದೆ. ಮೇಸ್ತ್ರಿಯ ನುಡಿಗೆ ಅರ್ಥ ಹೇಳುವ ಹೊಣೆ ಮಾತ್ರ ಗಾಡಿಯ ಯಜಮಾನನ ಜೇಬಿನದು.

ಈಗ ಪ್ರಮಾಣ ವಿಚಾರ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದು ನೈಯಾಯಿಕರು ಶತಮಾನಗಳಿಂದ ಬೆಟ್ಟವನ್ನು ತೋರಿಸುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ಯೆಜ್ಡಿ ಓಡಿಸಿದವರಲ್ಲ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಿ ಕುಡಿಸುತ್ತಾರೆ. ಕಿಡಿ ತಪ್ಪಿದಾಗ ಆ ಎಣ್ಣೆ ಸುಡದೆ ಸೈಲೆನ್ಸರಿಗೆ ಬಂದು, ಅಲ್ಲಿನ ಕಾವಿಗೆ ಹೊಗೆಯಾಗಿ ಏಳುತ್ತದೆ. ಅಂದರೆ ಒಳಗೆ ಬೆಂಕಿ ತಪ್ಪಿದಷ್ಟೂ ಹೊರಗೆ ಹೊಗೆ ಹೆಚ್ಚು. ಈ ನಿಯಮಕ್ಕೆ ‘ಹಗರಿ ನ್ಯಾಯ’ ಎಂದು ಹೆಸರಿಡಲಾಗಿದೆ. ಹೊಗೆ ನಂಬಲಾಗದ್ದರಿಂದ ಪ್ಲಗ್ಗೇ ಪ್ರತ್ಯಕ್ಷ ಪ್ರಮಾಣ. ಬಿಚ್ಚಿದಾಗ ಅದರ ತುದಿ ಹುರಿದ ಶೇಂಗಾ ಸಿಪ್ಪೆಯ ಬಣ್ಣಕ್ಕಿದ್ದರೆ ಆರೋಗ್ಯ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಅತಿಯಾಗಿದೆ, ಇಲ್ಲವೇ ಕಿಡಿ ಸೊರಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಾಗಿದೆ.

ಪೂರ್ವಪಕ್ಷವೆಂದರೆ ಕಾರ್ಬೊರೇಟರ್ ಪಂಥ. ಈ ಪಂಥದವರು ಗಾಡಿ ಕೆಮ್ಮಿದರೂ ಕಾರ್ಬೊರೇಟರ್ ಬಿಚ್ಚುತ್ತಾರೆ, ಹಾರ್ನ್ ಕೆಟ್ಟರೂ ಕಾರ್ಬೊರೇಟರ್ ಬಿಚ್ಚುತ್ತಾರೆ. ಜೆಟ್ಟಿನ ರಂಧ್ರಕ್ಕೆ ಕ್ಲಚ್ ಕೇಬಲ್ಲಿನ ಎಳೆ ತೂರಿಸಿ ತಿರುವುವುದು ಇವರ ಮುಖ್ಯ ಸಂಸ್ಕಾರ. ಹಿತ್ತಾಳೆಯ ಆ ರಂಧ್ರ ಪ್ರತಿ ಸಂಸ್ಕಾರಕ್ಕೂ ಕೂದಲೆಳೆಯಷ್ಟು ಅಗಲವಾಗಿ, ಗಾಡಿ ಕೆಲವು ವರ್ಷಗಳಲ್ಲಿ ಸಂಸ್ಕಾರವಂತವಾಗುತ್ತದೆ. ಮೈಲೇಜ್ ಮಾತ್ರ ಸನ್ಯಾಸ ಸ್ವೀಕರಿಸುತ್ತದೆ. ಗಾಳಿ ಊದಿದರೆ ಸಾಕಿತ್ತು.

ಸಿದ್ಧಾಂತ ಪಕ್ಷವು ಮೊದಲು ಒಂದು ಭೇದವನ್ನು ಸ್ಥಾಪಿಸುತ್ತದೆ. ಅಳುಕು ರೋಗ, ಕುಂಟುಲಯ ಸ್ವಭಾವ. ನಿಂತಲ್ಲಿ ಉರಿಯುವಾಗ ಟೂ ಸ್ಟ್ರೋಕ್ ಸಿಲಿಂಡರಿನಿಂದ ಹಳೆಯ ಹೊಗೆ ಪೂರ್ತಿ ಹೊರಹೋಗುವುದಿಲ್ಲ. ಹೊಸ ಮಿಶ್ರಣ ಅದರಲ್ಲಿ ಕಲೆತು, ಒಂದು ಸುತ್ತಿಗೆ ಹೊತ್ತಿದರೆ ಮುಂದಿನ ಸುತ್ತಿಗೆ ಹೊತ್ತುವುದಿಲ್ಲ. ಡುಗ್, ಡುಡುಗ್, ಡುಗ್ ಎಂಬ ಆ ತಾಳಕ್ಕೆ ಮದ್ದು ಮಾಡಿಸಲು ಹೊರಟವರು, ತಾತನ ಗೊರಕೆಗೆ ಆಪರೇಷನ್ ಮಾಡಿಸುವ ಜಾತಿಯವರು. ರೇಸ್ ಕೊಟ್ಟಾಗ ಲಯ ಸರಿಹೋದರೆ ಗಾಡಿ ಸುಖವಾಗಿದೆ ಎಂದರ್ಥ.

ಇನ್ನು ಕೊಟ್ಟೂರು ದಾರಿಯ ಪವಾಡ ಪ್ರಕರಣ. ಶಾಸ್ತ್ರದಲ್ಲಿ ಇದಕ್ಕಿಂತ ಗಹನವಾದದ್ದಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಚೆಂದಾಗಿ ಹೊರಟ ಗಾಡಿ ಅರ್ಧ ದಾರಿಯಲ್ಲಿ ಅಳುಕಿ ನಿಲ್ಲುತ್ತದೆ. ಯಜಮಾನ ಬೇವಿನ ನೆರಳಲ್ಲಿ ಕೂತು ಬೀಡಿ ಮುಗಿಸುವಷ್ಟರಲ್ಲಿ ತಾನಾಗಿ ಚಾಲೂ ಆಗುತ್ತದೆ. ಭಕ್ತರು ಕೈಮುಗಿಯುತ್ತಾರೆ, ಮೇಸ್ತ್ರಿ ಇಂಜಿನ್ ಬಿಚ್ಚಾಣ ಎನ್ನುತ್ತಾನೆ. ವಾಸ್ತವದಲ್ಲಿ ಇಲ್ಲಿ ಇಬ್ಬರು ಶಂಕಿತರು. ಟ್ಯಾಂಕಿನ ಮುಚ್ಚಳದ ಉಸಿರುಗಂಡಿ ಧೂಳಿನಿಂದ ಕಟ್ಟಿದ್ದರೆ ಒಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದಿಲ್ಲ. ಕಂಡೆನ್ಸರ್ ಮುದಿಯಾಗಿದ್ದರೆ ಕಾದಾಗ ಕೈಕೊಟ್ಟು, ತಣಿದಾಗ ಎಚ್ಚರಗೊಳ್ಳುತ್ತದೆ. ನಿಂತ ಕೂಡಲೇ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಒಳನುಗ್ಗಿ, ಕಾರ್ಬೊರೇಟರಿಗೆ ಪೆಟ್ರೋಲ್ ಇಳಿದು, ಗಾಡಿ ಆಗಲೇ ಎದ್ದರೆ ಮುಚ್ಚಳ ಅಪರಾಧಿ. ಏಳದೆ ತಣಿಯುವವರೆಗೆ ಕಾಯಿಸಿದರೆ ಕಂಡೆನ್ಸರಿನ ಕಡೆ ಬೊಟ್ಟು ಮಾಡಬೇಕು. ಪಾಯಿಂಟುಗಳ ನಡುವೆ ಕಿಡಿ ಧಾರಾಳವಾಗಿ ಹಾರುತ್ತಿದ್ದರೆ, ಮುಖ ಹೊಂಡಬಿದ್ದಿದ್ದರೆ ಸಾಕ್ಷಿ ಪೂರ್ಣ. ಹೊಸ ಕಂಡೆನ್ಸರ್ ಹಾಕಿ, ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟರೆ ಪವಾಡ ನಿಲ್ಲುತ್ತದೆ.

ಹರಪನಹಳ್ಳಿ ಗಡಿಯಲ್ಲಿಯೇ ಗಾಡಿ ಅಳುಕುತ್ತದೆ ಎಂಬ ವಾದವೂ ಉಂಟು. ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಯಾವ ಜಿಲ್ಲೆಯೆಂದು ತಿಳಿಯದೆ ಗಾಡಿ ತಡವರಿಸುತ್ತದಂತೆ. ಸಂಶೋಧಕನಿಗೆ ಇದು ಸಮ್ಮತವಲ್ಲ; ಕಾರಣ ಗಡಿಯಲ್ಲಿಲ್ಲ, ಇಂಜಿನ್ನಿನಲ್ಲಿದೆ. ಅಳುಕಿನ ಜತೆಗೆ ಸ್ಲೋ ತಾನೇತಾನಾಗಿ ಏರಿ ಇಳಿಯುತ್ತಿದ್ದರೆ ಅದು ಕ್ರ್ಯಾಂಕ್ ಸೀಲ್ ಅಥವಾ ಕಾರ್ಬೊರೇಟರ್ ಬುಡದ ಪ್ಯಾಕಿಂಗ್ ಗಾಳಿ ನುಂಗುವ ಲಕ್ಷಣ. ಬುಡದ ಸಂದಿಗೆ ಇಂಜಿನ್ ಆಯಿಲ್ ಹನಿಸಿ. ಸದ್ದು ಬದಲಾದರೆ ತೂತು ಅಲ್ಲಿಯೇ. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಕಡಿಮೆಯಾಗುತ್ತ, ಊರು ಕಾಣದಷ್ಟು ಬಿಳಿ ಹೊಗೆ ಏಳುತ್ತದೆ. ಮೇಸ್ತ್ರಿಯ “ಏರ್ ಹಿಡಿದೈತಿ” ನಿಜವಾಗುವುದು ಇಲ್ಲಿ. ಕಾರಣಿಕವೆಂದ ಮೇಲೆ ಒಂದಲ್ಲ ಒಂದು ಕಡೆ ಹೊಂದಲೇಬೇಕು.

ಕೊನೆಯ ಶಂಕಿತ ಪೆಟ್ರೋಲೇ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. ಎಥೆನಾಲ್ ತನ್ನಲ್ಲೇ ಆಮ್ಲಜನಕ ಹೊತ್ತು ತರುವುದರಿಂದ ಹಳೆಯ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರಿಗೂ ಅದು ಒಗ್ಗದು. ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರನ್ನೂ ಎಳೆದುಕೊಳ್ಳುತ್ತದೆ. ಹೆಚ್ಚು ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ಬರಿದು ಮಾಡುವುದು ಕ್ಷೇಮ.

ಓದುಗರಲ್ಲಿ ಕೊನೆಯದಾಗಿ ಒಂದು ವಿನಂತಿ. ಮೇಲಿನ ಯಾವ ಪ್ರಮಾಣವನ್ನೂ ಪ್ರಯೋಗಿಸುವ ಮೊದಲು, ಮೇಸ್ತ್ರಿಗೆ ಫೋನ್ ಮಾಡುವ ಮೊದಲು, ಬಗ್ಗಿ ಪೆಟ್ರೋಲ್ ಕಾಕ್ ತೆರೆದಿದೆಯೇ ನೋಡಿ.