ಬಹುಸುದ್ದಿ ಪ್ರಸಾರ ಮೀಮಾಂಸೆ: ಮಲೆನಾಡಿನ ಮೂರು ತಾಲೂಕುಗಳನ್ನು ಕುರಿತು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳನ್ನು ಈ ಪ್ರಬಂಧದ ಮಟ್ಟಿಗೆ ಒಂದು ಗ್ರಾಫ್ ಎಂದು ಭಾವಿಸತಕ್ಕದ್ದು. ತೋಟದ ತಲೆಯಲ್ಲಿರುವ ಪ್ರತಿ ಒಂಟಿಮನೆಯೂ ಒಂದು ಬಿಂದು. ಎರಡು ಮನೆಗಳ ನಡುವೆ ಮಾತುಕತೆ ಇದ್ದರೆ ಒಂದು ಗೆರೆ. ಬೇಲಿ ತಕರಾರು ಕೋರ್ಟು ಹತ್ತಿದಲ್ಲಿ ಗೆರೆ ಅಳಿಸಬೇಕು. ಹಾಗೆ ಅಳಿಸುತ್ತಾ ಹೋದರೆ ಗೆರೆಗಳೇ ಉಳಿಯುವುದಿಲ್ಲ ಎಂಬುದು ಪೂರ್ವಪಕ್ಷ. ಅದನ್ನು ಸದ್ಯ ಬದಿಗಿಡಲಾಗಿದೆ.

ಸುದ್ದಿ ತಿಳಿದ ಪ್ರತಿ ಮನೆಯೂ ಸುತ್ತಿಗೊಂದು ಮನೆಗೆ ಫೋನು ಮಾಡಿದರೆ, ತಿಳಿದವರು ಇಮ್ಮಡಿಯಾಗುತ್ತಾ 16 ಮನೆಗೆ 4 ಸುತ್ತು ಸಾಕು. ಸುದ್ದಿ ಮೂರಿದ್ದರೆ? ರಾಶಿ ಅಡಿಕೆಯ ದರ, ಯಾರದೋ ನಿಶ್ಚಿತಾರ್ಥ, ತೋಟಕ್ಕೆ ನುಗ್ಗಿದ ಕಾಡುಕೋಣ. ಆಗ 12 ಸುತ್ತು ಬೇಕಿಲ್ಲ. ಮೊದಲನೆಯದು ಊರು ಸುತ್ತುತ್ತಿರುವಾಗಲೇ ಎರಡನೆಯದನ್ನು ಹೊರಡಿಸಬಹುದು. ಆದರೆ ಕರೆಗೊಂದೇ ಸುದ್ದಿ ಎಂಬ ನಿಯಮವಿದ್ದರೆ 6 ಸುತ್ತಿಗಿಂತ ಕಡಿಮೆಯಲ್ಲಿ ಮುಗಿಯದು. ಒಂದೇ ಸುದ್ದಿ ಹೇಳಿ ಫೋನಿಟ್ಟ ಮನೆ ಹೊಸನಗರದಲ್ಲಿ ಈವರೆಗೆ ಪತ್ತೆಯಾಗಿಲ್ಲ.

ಮನೆಗೊಂದು ಗುಟ್ಟಿದ್ದು, ಪ್ರತಿ ಕರೆಯಲ್ಲೂ ಎರಡೂ ಕಡೆಯವರು ತಮಗೆ ತಿಳಿದದ್ದನ್ನೆಲ್ಲ ಹೇಳಿಕೊಂಡರೆ, ಎಲ್ಲ ಗುಟ್ಟೂ ಎಲ್ಲರಿಗೂ ತಲುಪಲು ಎಷ್ಟು ಕರೆ ಬೇಕು? ಡಚ್ ಗಣಿತಜ್ಞ ಟೈಡೆಮನ್ 1971ರಲ್ಲೇ ಪ್ರಕಟಿಸಿದ ಉತ್ತರ: ಮನೆಗಳು ನಾಲ್ಕೋ ಹೆಚ್ಚೋ ಇದ್ದರೆ, ಅವುಗಳ ಇಮ್ಮಡಿಯಲ್ಲಿ 4 ಕಳೆದಷ್ಟು. ಹತ್ತು ಮನೆಗೆ 16. ತೀರ್ಥಹಳ್ಳಿಯ ಕಡೆ ಹತ್ತೂ ಮನೆಯವರು ರಾತ್ರಿ ಒಂದೇ ಅಂಗಳದಲ್ಲಿ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯಲು ಕೂತರೆ ಸೊನ್ನೆ. ಈ ಪ್ರಮೇಯ ಇನ್ನೂ ಅಂತರರಾಷ್ಟ್ರೀಯ ಮನ್ನಣೆ ಪಡೆದಿಲ್ಲ.

ಗೆರೆಗಳ ಭದ್ರತೆ ಬೇರೆ ಅಧ್ಯಾಯ. ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ಟವರೂ ಹೋಗುತ್ತದೆ. 1964ರ ಲಿಂಗನಮಕ್ಕಿ ಹಿನ್ನೀರು ತುಮರಿ ಸೀಮೆಯನ್ನು ಸಾಗರದಿಂದ ಬೇರ್ಪಡಿಸಿದ ಮೇಲೆ, ಹೊಳೆಬಾಗಿಲಿನ ಲಾಂಚು ಸಂಜೆ ನಿಂತರೆ ಆ ಗೆರೆ ಬೆಳಗಿನವರೆಗೆ ಗ್ರಾಫಿನಲ್ಲಿರುತ್ತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಗೆರೆ ಕಾಯಂ ಆಯಿತು. ಉದ್ದ ಸುಮಾರು 2.44 ಕಿಲೋಮೀಟರ್.

ಸಿದ್ಧಾಂತವೆಲ್ಲ ತಲೆಕೆಳಗಾಗುವುದು ಮದುವೆಯ ಕರೆಯಲ್ಲಿ. ಇದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಪಕ್ಕದ ಮನೆಯವರ ಕೈಯಲ್ಲಿ ಹೇಳಿ ಕಳಿಸಿದರೆ ಎರಡು ತಲೆಮಾರಿನ ಗೆರೆ ಅಳಿಯುತ್ತದೆ. ಯಜಮಾನರೇ ಮಂತ್ರಾಕ್ಷತೆ ಹಿಡಿದು ಮಿಕ್ಕ 15 ಮನೆಗೂ ಹೋಗಬೇಕು, ಪ್ರತಿ ಮನೆಯಲ್ಲೂ ಆಸರಿಗೆ, ಕಷಾಯ, ಕವಳ. ದಿನಕ್ಕೆ ಮೂರು ಮನೆ ಮುಗಿದರೆ ಪುಣ್ಯ.

ಅಷ್ಟರಲ್ಲಿ "ನಮ್ಮನ್ನಿನ್ನೂ ಕರೆದಿಲ್ಲ ಮಾರಾಯ್ರೆ" ಎಂಬ ನಾಲ್ಕನೆಯ ಸುದ್ದಿ ಹದಿನಾರನೇ ಮನೆಯಿಂದ ಹೊರಟು, 4 ಸುತ್ತಿನಲ್ಲಿ ಯಜಮಾನರ ಮನೆಯನ್ನೇ ತಲುಪಿರುತ್ತದೆ. ಯಜಮಾನರು ಇನ್ನೂ ಮೂರನೇ ಮನೆಯ ಜಗಲಿಯಲ್ಲಿ ಕವಳ ಹಾಕುತ್ತಿರುತ್ತಾರೆ.